ಕಟ್ಟಡ ಕಾಮಗಾರಿಯ ವಿಳಂಬ: ಲೀನ್ ವಿಧಾನವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಹತ್ತು ಮಹಡಿಗಳ ವಸತಿ ಕಟ್ಟಡವೊಂದರ ಉಸ್ತುವಾರಿ ಎಂಜಿನಿಯರ್. ಕಾಂಕ್ರೀಟ್ ಚೌಕಟ್ಟು ಮುಗಿದಿದೆ. ಗೋಡೆ, ವೈರಿಂಗ್, ಕೊಳಾಯಿ, ಪ್ಲಾಸ್ಟರಿಂಗ್, ಟೈಲ್ಸ್ ಕೆಲಸಗಳು ಎಲ್ಲ ಮಹಡಿಗಳಲ್ಲೂ ಒಟ್ಟಿಗೆ ನಡೆಯುತ್ತಿವೆ. ಆದರೂ ವೇಳಾಪಟ್ಟಿಗಿಂತ ನಾಲ್ಕು ತಿಂಗಳು ಹಿಂದೆ ಬಿದ್ದಿದ್ದೇವೆ. ಕೆಲಸಗಾರರ ಸಂಖ್ಯೆ ಹೆಚ್ಚಿಸಿ ಎಂದು ಆಡಳಿತ ವರ್ಗ ಒತ್ತಾಯಿಸುತ್ತಿದೆ. ವ್ಯರ್ಥವನ್ನು ತಗ್ಗಿಸಲೆಂದು ಕಾರ್ಖಾನೆಗಾಗಿ ರೂಪುಗೊಂಡ ಲೀನ್ ವಿಧಾನ ಸೈಟಿನಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಬರುವುದಾದರೆ ಅರ್ಧ ನಡೆದಿರುವ ಕಾಮಗಾರಿಯಲ್ಲಿ ಅದನ್ನು ಹೇಗೆ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ‘ಎಲ್ಲ ಮಹಡಿಗಳಲ್ಲೂ ಒಟ್ಟಿಗೆ’ ಎಂಬ ಮಾತು. ಕೆಲಸ ಭರದಿಂದ ಸಾಗುತ್ತಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ನೀವು ಅದನ್ನು ಬರೆದಿರಬಹುದು. ನನ್ನ ದೃಷ್ಟಿಯಲ್ಲಿ ವಿಳಂಬದ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಆ ಅಭಿಪ್ರಾಯಕ್ಕೆ ಆಧಾರವೇನೆಂದು ವಿವರಿಸುವ ಮೊದಲು ಒಂದು ಚಿಕ್ಕ ಪರಿಶೀಲನೆ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಯಾವುದಾದರೂ ಒಂದು ಮನೆಯ ಸ್ನಾನಗೃಹವನ್ನು ಆರಿಸಿಕೊಂಡು, ಅದರ ಬಾಗಿಲ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ. ಪ್ರತಿದಿನ ಸಂಜೆ ಅಂದು ಅಲ್ಲಿ ಯಾರು, ಎಷ್ಟು ಹೊತ್ತು, ಯಾವ ಕೆಲಸ ಮಾಡಿದರು ಎಂಬುದನ್ನು ಅದರಲ್ಲಿ ಬರೆಯಿಸಿ. ಯಾರೂ ಬಾರದಿದ್ದ ದಿನ ‘ಕೆಲಸವಿಲ್ಲ’ ಎಂದು ಬರೆದು ಅದರ ಮುಂದೆ ಕಾರಣವನ್ನೂ ನಮೂದಿಸಿ. ಗೋಡೆ ಕೊರೆದು ಪೈಪ್ ಕೂರಿಸುವುದು, ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುವುದು, ಪ್ಲಾಸ್ಟರಿಂಗ್, ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ನೋಡುವುದು, ಗೋಡೆಯ ಟೈಲ್ಸ್, ನೆಲದ ಟೈಲ್ಸ್, ಬಾಗಿಲು, ನಲ್ಲಿ ಜೋಡಣೆ ಹೀಗೆ ಹತ್ತಾರು ಹಂತಗಳು ಆ ಪುಟ್ಟ ಜಾಗದಲ್ಲಿ ಒಂದರ ಹಿಂದೊಂದು ನಡೆಯಬೇಕು. ಕೈಕೆಲಸ ನಡೆದ ಗಂಟೆಗಳನ್ನೆಲ್ಲ ಕೂಡಿಸಿದರೆ ಕೆಲವೇ ದಿನಗಳಾಗುತ್ತವೆ, ಆದರೆ ಕ್ಯಾಲೆಂಡರಿನಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದಿರುತ್ತವೆ. ಪ್ಲಾಸ್ಟರಿಂಗ್ ಹಸಿಯಾಗಿರುವಾಗ ಕಾಯುವುದು, ನೀರು ನಿಲ್ಲಿಸಿ ಪರೀಕ್ಷಿಸುವಾಗ ಕಾಯುವುದು ಅನಿವಾರ್ಯ, ಅದಕ್ಕೆ ಕೈ ಹಚ್ಚಬಾರದು. ಟೈಲ್ಸಿನ ಬಣ್ಣ ತೀರ್ಮಾನವಾಗದೆ, ಪ್ಲಂಬರ್ ಬೇರೆ ಮಹಡಿಗೆ ಹೋಗಿ, ಹಿಂದಿನವರ ಕೆಲಸದಲ್ಲಿ ಒಂದು ಮೂಲೆ ಉಳಿದುಹೋಗಿ ಖಾಲಿ ಬಿದ್ದ ದಿನಗಳನ್ನಷ್ಟೇ ಎಣಿಸಿ. ನೀವು ಹಿಂದೆ ಬಿದ್ದ ನಾಲ್ಕು ತಿಂಗಳ ಬಹುಪಾಲು ಆ ದಿನಗಳಲ್ಲಿ ಸಿಗುತ್ತದೆ. ಕೆಲಸಗಾರರು ಇನ್ನೂ ಚುರುಕಾಗಿ ದುಡಿದರೂ ಆ ಖಾಲಿ ದಿನಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಕಾರ್ಖಾನೆಯ ವಿಧಾನ ಸೈಟಿಗೆ ಹೊಂದುತ್ತದೆಯೇ ಎಂಬ ನಿಮ್ಮ ಅನುಮಾನ ನ್ಯಾಯವಾದದ್ದು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಜಪಾನಿನ ಟೊಯೋಟಾ ಕಂಪನಿಯಲ್ಲಿ ಟೈಇಚಿ ಓನೊ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಉತ್ಪಾದನಾ ಪದ್ಧತಿಗೆ ‘ಲೀನ್’ ಎಂಬ ಹೆಸರು ಬಂದದ್ದು 1988ರಲ್ಲಿ. ಫಿನ್ಲೆಂಡಿನ ಲೌರಿ ಕೊಸ್ಕೆಲಾ 1992ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದ ವರದಿಯೊಂದು ಈ ವಿಚಾರವನ್ನು ಕಟ್ಟಡ ನಿರ್ಮಾಣಕ್ಕೆ ತಂದಿತು. ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ಅದನ್ನು ಸೈಟಿನ ವಾರವಾರದ ಯೋಜನೆಗೆ ಒಗ್ಗಿಸಿ, 1997ರಲ್ಲಿ ಅಮೆರಿಕದಲ್ಲಿ ಲೀನ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಕಾರ್ಖಾನೆಯಲ್ಲಿ ಕೆಲಸಗಾರ ನಿಂತಲ್ಲೇ ಇರುತ್ತಾನೆ, ವಸ್ತು ಮುಂದಕ್ಕೆ ಸಾಗುತ್ತದೆ. ಕಟ್ಟಡದಲ್ಲಿ ವಸ್ತು ನಿಂತಲ್ಲೇ ನಿಂತಿರುತ್ತದೆ, ಕೆಲಸಗಾರರ ತಂಡಗಳು ಕೋಣೆಯಿಂದ ಕೋಣೆಗೆ ಸಾಗುತ್ತವೆ. ಆದ್ದರಿಂದ ಕಾರ್ಖಾನೆಯ ಉಪಕರಣಗಳನ್ನು ಹಾಗೆಯೇ ತಂದು ಸೈಟಿನಲ್ಲಿ ಹೂಡಲಾಗದು. ಅಲ್ಲಿಂದ ತರಬೇಕಾದದ್ದು ಎರಡು ನಿಯಮಗಳನ್ನು: ಸಿದ್ಧವಾಗದ ಕೆಲಸವನ್ನು ಆರಂಭಿಸಬಾರದು, ಮತ್ತು ಆರಂಭಿಸಿದ ಕೆಲಸವನ್ನು ಮುಗಿಸದೆ ಬಿಡಬಾರದು. ನಾನು ಮುಂದೆ ಹೇಳುವುದೆಲ್ಲ ಈ ಎರಡರ ವಿಸ್ತರಣೆ.

ಒಂದು ಕೆಲಸ ಸಿದ್ಧವಾಗಿದೆ ಎನ್ನಬೇಕಾದರೆ ಏಳು ಸಂಗತಿಗಳು ಕೂಡಿಬರಬೇಕೆಂದು ಕೊಸ್ಕೆಲಾ ಗುರುತಿಸುತ್ತಾರೆ. ಅನುಮೋದನೆಯಾದ ನಕ್ಷೆ ಮತ್ತು ಮಾಹಿತಿ, ಸಾಮಗ್ರಿ, ಕೆಲಸಗಾರರು, ಯಂತ್ರೋಪಕರಣ, ಕೆಲಸ ಮಾಡಲು ಜಾಗ, ಅದಕ್ಕೂ ಮುಂಚಿನ ಕೆಲಸದ ಪೂರ್ಣತೆ, ಹವಾಮಾನದಂತಹ ಹೊರಗಿನ ಪರಿಸ್ಥಿತಿ. ಪ್ರತಿಯೊಂದೂ ಬೇಕಾದ ದಿನಕ್ಕೆ ಒದಗಿಬರುವ ಸಾಧ್ಯತೆ ಶೇ 95 ಎಂದು ಇಟ್ಟುಕೊಳ್ಳಿ. ಅಷ್ಟಾದರೆ ಯಾವ ಎಂಜಿನಿಯರಾದರೂ ಸಮಾಧಾನಪಡುತ್ತಾನೆ. ಆದರೆ ಏಳೂ ಒಟ್ಟಿಗೆ ಒದಗುವ ಸಾಧ್ಯತೆ ಸುಮಾರು ಶೇ 70ಕ್ಕೆ ಇಳಿಯುತ್ತದೆ, ಮತ್ತು ಪ್ರತಿಯೊಂದೂ ಶೇ 90 ಮಾತ್ರ ಖಚಿತವಾಗಿದ್ದರೆ ಶೇ 48ಕ್ಕೆ ಕುಸಿಯುತ್ತದೆ. ಅಂದರೆ ಯಾವೊಬ್ಬರೂ ಎದ್ದುಕಾಣುವಂತೆ ತಪ್ಪು ಮಾಡದ ಸೈಟಿನಲ್ಲಿಯೂ ಯೋಜಿಸಿದ ಕೆಲಸಗಳಲ್ಲಿ ಅರ್ಧದಷ್ಟು ಆ ದಿನ ಸಿದ್ಧವಿರುವುದಿಲ್ಲ. ಇದನ್ನು ಅರಿಯದ ಮೇಲಧಿಕಾರಿಗಳು ಪ್ರತಿ ವಾರ ಒಬ್ಬೊಬ್ಬರನ್ನು ಹೊಣೆ ಮಾಡುತ್ತಾರೆ, ಮುಂದಿನ ವಾರ ಬೇರೆ ಕೊಂಡಿ ಕಳಚುತ್ತದೆ.

ಸಿದ್ಧವಿಲ್ಲದಾಗ ಸೈಟಿನಲ್ಲಿ ಏನಾಗುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ತಂಡವನ್ನು ಸುಮ್ಮನೆ ಕೂರಿಸಬಾರದೆಂದು ‘ಇರುವುದರಲ್ಲೇ ಏನಾದರೂ ಶುರು ಮಾಡಿ’ ಎನ್ನಲಾಗುತ್ತದೆ. ಸ್ವಿಚ್ ಬೋರ್ಡಿನ ಸ್ಥಾನ ನಿರ್ಧಾರವಾಗದಿದ್ದರೂ ಪ್ಲಾಸ್ಟರಿಂಗ್ ನಡೆಯುತ್ತದೆ, ಆಮೇಲೆ ಅದೇ ಗೋಡೆಯನ್ನು ಕೊರೆಯುತ್ತಾರೆ, ಮತ್ತೆ ತೇಪೆ ಹಾಕುತ್ತಾರೆ. ಹೊತ್ತು, ಹಣ ತಿಂದೂ ಉಪಯೋಗಕ್ಕೆ ಬಾರದ ಏಳು ಬಗೆಯ ವ್ಯರ್ಥಗಳನ್ನು ಓನೊ ಪಟ್ಟಿ ಮಾಡಿದ್ದರು; ಅವಕ್ಕೆ ಕೊಸ್ಕೆಲಾ ಎಂಟನೆಯದಾಗಿ ಸೇರಿಸಿದ್ದು ಹೀಗೆ ಸಿದ್ಧವಾಗದ ಕೆಲಸವನ್ನು ಶುರು ಮಾಡುವುದನ್ನೇ. ನನ್ನ ಅನುಭವದಲ್ಲಿ ಕಟ್ಟಡ ಕಾಮಗಾರಿಯಲ್ಲಿ ಇದು ಮಿಕ್ಕೆಲ್ಲಕ್ಕಿಂತ ದುಬಾರಿ, ಏಕೆಂದರೆ ಅಂದಿನ ದಿನಚರಿಯಲ್ಲಿ ಇದು ಪ್ರಗತಿಯೆಂದೇ ದಾಖಲಾಗುತ್ತದೆ.

ಇನ್ನು ನಿಮ್ಮ ಹತ್ತು ಮಹಡಿಗಳ ವಿಷಯ. ಸರದಿ ಸಾಲುಗಳ ಕುರಿತಾದ ಗಣಿತದಲ್ಲಿ 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ಅರ್ಧದಲ್ಲಿರುವ ಘಟಕಗಳ ಸಂಖ್ಯೆಯನ್ನು, ವಾರಕ್ಕೆ ಎಷ್ಟು ಘಟಕಗಳು ಮುಗಿಯುತ್ತಿವೆಯೋ ಅದರಿಂದ ಭಾಗಿಸಿದರೆ, ಒಂದು ಘಟಕ ಮುಗಿಯಲು ಸರಾಸರಿ ಎಷ್ಟು ವಾರ ಬೇಕೆಂಬುದು ದೊರೆಯುತ್ತದೆ. ನಿಮ್ಮಲ್ಲಿ ವಾರಕ್ಕೆ ನಾಲ್ಕು ಮನೆಗಳು ಮುಗಿಯುತ್ತಿದ್ದು ನಲವತ್ತು ಮನೆಗಳಲ್ಲಿ ಕೆಲಸ ತೆರೆದಿದ್ದರೆ, ಒಂದೊಂದು ಮನೆಗೂ ಹತ್ತು ವಾರ ಹಿಡಿಯುತ್ತದೆ. ಪ್ರಗತಿ ತೋರಿಸುವ ಆತುರದಲ್ಲಿ ಅರವತ್ತು ಮನೆಗಳನ್ನು ತೆರೆದರೆ, ಮುಗಿಯುವ ವೇಗ ಅಷ್ಟೇ ಇದ್ದಾಗ, ಅದು ಹದಿನೈದು ವಾರವಾಗುತ್ತದೆ. ಹೆಚ್ಚು ಕಡೆ ಕೆಲಸ ತೆರೆದಷ್ಟೂ ಮೇಲ್ವಿಚಾರಣೆ ಚದುರುತ್ತದೆ, ಸಾಮಗ್ರಿ ಹರಡಿಹೋಗುತ್ತದೆ, ಎಲ್ಲಿ ಏನು ಉಳಿದಿದೆ ಎಂಬ ಲೆಕ್ಕ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಹಾಗಾಗಿ ಮುಗಿಸುವ ವೇಗವೂ ಕುಗ್ಗುತ್ತದೆ.

ತಂಡಗಳ ನಡುವಿನ ಏರಿಳಿತವೂ ಇಷ್ಟೇ ಮುಖ್ಯ. ಏಳು ತಂಡಗಳು ಒಂದರ ಹಿಂದೊಂದು ನೂರು ಕೋಣೆಗಳನ್ನು ಮುಗಿಸಬೇಕಾಗಿದೆ, ಪ್ರತಿ ತಂಡವೂ ವಾರಕ್ಕೆ ತಪ್ಪದೆ ಐದು ಕೋಣೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ತಂಡ ಹಿಂದಿನದಕ್ಕಿಂತ ಒಂದು ವಾರ ತಡವಾಗಿ ಹೊರಟರೆ 26 ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ಈಗ ಸರಾಸರಿಯನ್ನು ಬದಲಿಸದೆ, ಕೆಲವು ವಾರ ಒಂದೇ ಕೋಣೆ, ಕೆಲವು ವಾರ ಒಂಬತ್ತು ಕೋಣೆ ಎಂಬಂತೆ ಏರುಪೇರು ಮಾಡಿ. ಒಂಬತ್ತು ಮಾಡಬಲ್ಲ ವಾರದಲ್ಲಿ ಹಿಂದಿನವರು ಬಿಟ್ಟುಕೊಟ್ಟದ್ದು ಒಂದೇ ಕೋಣೆಯಾದರೆ ಆ ಶಕ್ತಿಯೆಲ್ಲ ವ್ಯರ್ಥವಾಗುತ್ತದೆ, ಅದನ್ನು ಕೂಡಿಟ್ಟು ಮುಂದಿನ ವಾರ ಬಳಸಲಾಗದು. ಕೊರತೆ ಮಾತ್ರ ಸಾಲಿನ ಕೊನೆಯವರೆಗೂ ದಾಟಿಕೊಂಡು ಹೋಗುತ್ತದೆ. ಲೀನ್ ತರಬೇತಿಗಳಲ್ಲಿ ಇದನ್ನು ದಾಳ ಉರುಳಿಸಿ ಆಡಿಸುವ ಆಟವೊಂದಿದೆ. ನಿಮ್ಮ ಮೇಸ್ತ್ರಿಗಳನ್ನು ಕೂರಿಸಿ ಅರ್ಧ ಗಂಟೆ ಆಡಿಸಿ ನೋಡಿ. ದಿನಗಟ್ಟಲೆ ವಿವರಿಸಿದರೂ ಮನವರಿಕೆಯಾಗದ ಸಂಗತಿ ಅವರಿಗೆ ತಾವಾಗಿಯೇ ಹೊಳೆಯುತ್ತದೆ. ಒಂದು ತಂಡ ಕೆಲವು ದಿನ ಅತಿವೇಗದಿಂದ ಓಡುವುದಕ್ಕಿಂತ ಎಲ್ಲ ತಂಡಗಳೂ ಒಂದೇ ಹದದಲ್ಲಿ ನಡೆಯುವುದು ಕಾಮಗಾರಿಗೆ ಹೆಚ್ಚು ಲಾಭದಾಯಕ.

ಈ ಸ್ಥಿರತೆಯನ್ನು ತರಲು ಬಳಸುವ ಪದ್ಧತಿಯ ಹೆಸರು ಲಾಸ್ಟ್ ಪ್ಲ್ಯಾನರ್. ಕಚೇರಿಯಲ್ಲಿ ಕುಳಿತವರ ಬದಲು, ಕೆಲಸ ಮಾಡಿಸುವ ಮೇಸ್ತ್ರಿ ಅಥವಾ ಫೋರ್‌ಮನ್‌ನ ಮಾತೇ ಯೋಜನೆಯ ಕೊನೆಯ ಮಾತು ಎಂಬುದು ಇದರ ತಿರುಳು. ಮೊದಲಿಗೆ ಹಸ್ತಾಂತರದ ದಿನವನ್ನು ಗೋಡೆಯ ಬಲತುದಿಯಲ್ಲಿ ಬರೆದು, ಎಲ್ಲ ತಂಡಗಳ ಮುಖ್ಯಸ್ಥರೂ ಅಲ್ಲಿಂದ ಹಿಂದಕ್ಕೆ ತಂತಮ್ಮ ಕೆಲಸಗಳನ್ನು ಚೀಟಿಗಳಲ್ಲಿ ಬರೆದು ಅಂಟಿಸುತ್ತಾ ಬರಬೇಕು. ‘ನಾನು ಟೈಲ್ಸ್ ಹಾಕಬೇಕಾದರೆ ಯಾರಿಂದ, ಯಾವ ಸ್ಥಿತಿಯಲ್ಲಿ, ಏನು ಬೇಕು’ ಎಂದು ಪ್ರತಿಯೊಬ್ಬರೂ ಎದುರಿಗಿರುವವರನ್ನೇ ಕೇಳುವ ಸಭೆ ಅದು. ಆಮೇಲೆ ಮುಂದಿನ ಆರು ವಾರಗಳ ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಮೇಲೆ ಹೇಳಿದ ಏಳು ಅಗತ್ಯಗಳಲ್ಲಿ ಯಾವುದು ಬಾಕಿಯಿದೆ ಎಂದು ಗುರುತಿಸಬೇಕು. ಬಾಕಿಯಿರುವ ಒಂದೊಂದು ಅಡಚಣೆಯ ಮುಂದೆಯೂ ಅದನ್ನು ನಿವಾರಿಸುವವರ ಹೆಸರು ಮತ್ತು ದಿನಾಂಕ ಇರಲೇಬೇಕು. ‘ವಿನ್ಯಾಸಕಾರರಿಂದ ಬರಬೇಕು’ ಎಂಬುದು ಹೆಸರಲ್ಲ, ‘ಶೀಘ್ರದಲ್ಲಿ’ ಎಂಬುದು ದಿನಾಂಕವಲ್ಲ. ಎಂಜಿನಿಯರಾಗಿ ನಿಮ್ಮ ಮುಖ್ಯ ಕೆಲಸವೇ ಈ ಪಟ್ಟಿ ಎಂದು ನಾನು ಒತ್ತಿ ಹೇಳುತ್ತೇನೆ. ನೀವು ಇಡೀ ದಿನ ಇಂದಿನ ಸಮಸ್ಯೆಗಳ ಹಿಂದೆ ಓಡುತ್ತಿದ್ದರೆ ಐದನೆಯ ವಾರದ ಅಡಚಣೆಯನ್ನು ನೋಡುವವರು ಯಾರೂ ಇರುವುದಿಲ್ಲ, ಐದು ವಾರ ಕಳೆದ ಮೇಲೆ ಅದೇ ಅಂದಿನ ತುರ್ತಾಗಿ ನಿಲ್ಲುತ್ತದೆ.

ವಾರದ ಸಭೆಯಲ್ಲಿ ಅಡಚಣೆಗಳು ಕಳೆದ ಕೆಲಸಗಳನ್ನು ಮಾತ್ರ ಮುಂದಿನ ವಾರಕ್ಕೆ ಒಪ್ಪಿಕೊಳ್ಳಬೇಕು. ಅಲ್ಲಿನ ಮಾತು ಎಷ್ಟು ನಿರ್ದಿಷ್ಟವಾಗಿರಬೇಕೆಂದರೆ, ‘ಮೂರನೆಯ ಮಹಡಿಯ ಪ್ಲಾಸ್ಟರಿಂಗ್ ನಡೆಯುತ್ತದೆ’ ಎನ್ನುವುದನ್ನು ಒಪ್ಪಬಾರದು. ‘ಮೂರನೆಯ ಮಹಡಿಯ ಪೂರ್ವ ಭಾಗದ ನಾಲ್ಕು ಮನೆಗಳ ಒಳಗೋಡೆಯ ಪ್ಲಾಸ್ಟರಿಂಗ್ ಗುರುವಾರ ಸಂಜೆಗೆ ಮುಗಿದು, ಮೂಲೆಗಳು ನೇರವಾಗಿ, ಕಸ ತೆಗೆದು, ವೈರಿಂಗ್ ತಂಡಕ್ಕೆ ಜಾಗ ಬಿಟ್ಟುಕೊಟ್ಟಿರುತ್ತೇವೆ’ ಎಂದು ಮೇಸ್ತ್ರಿಯೇ ಹೇಳಬೇಕು. ವೈರಿಂಗ್ ತಂಡದವನು ಅದನ್ನು ಕೇಳಿ ‘ಹಾಗಾದರೆ ಶುಕ್ರವಾರ ನಾನು ಬರುತ್ತೇನೆ’ ಎನ್ನಬೇಕು. ಮೇಸ್ತ್ರಿಗೆ ಸಾಧ್ಯವಿಲ್ಲವೆನಿಸಿದರೆ ‘ಇಲ್ಲ’ ಎನ್ನುವ ಹಕ್ಕು ಇರಲೇಬೇಕು. ‘ಆಗುತ್ತೆ ಸಾರ್’ ಎಂಬ ಮಾತು ಅಭ್ಯಾಸಬಲದಿಂದ, ಇಲ್ಲವೇ ಅಂಜಿಕೆಯಿಂದ ಬಂದರೆ ಅದರ ಮೇಲೆ ಮುಂದಿನ ಯಾವ ತಂಡವೂ ಯೋಜನೆ ಕಟ್ಟಲಾಗದು. ಸಭೆಯಲ್ಲಿ ಕೇಳಿದ ‘ಇಲ್ಲ’ ಶುಕ್ರವಾರ ಬೆಳಗ್ಗೆ ತಂಡದ ಕೈಕಟ್ಟಿ ಕೂರಿಸುವ ‘ಇಲ್ಲ’ಕ್ಕಿಂತ ಎಷ್ಟೋ ಅಗ್ಗ.

ವಾರಾಂತ್ಯದಲ್ಲಿ ಒಪ್ಪಿದ ಕೆಲಸಗಳಲ್ಲಿ ಎಷ್ಟು ಪೂರ್ತಿಯಾಗಿ ಮುಗಿದವು ಎಂಬುದನ್ನು ಶೇಕಡಾವಾರು ಲೆಕ್ಕ ಹಾಕುತ್ತಾರೆ. ತೊಂಬತ್ತು ಭಾಗ ಆಗಿದ್ದರೂ ಮುಗಿಯದ ಕೆಲಸಕ್ಕೆ ಸೊನ್ನೆಯೇ, ಏಕೆಂದರೆ ಮುಂದಿನ ತಂಡಕ್ಕೆ ಅದರಿಂದ ಜಾಗ ಸಿಗುವುದಿಲ್ಲ. ಬಲ್ಲಾರ್ಡ್ ಮತ್ತು ಹೊವೆಲ್ 1990ರ ದಶಕದಲ್ಲಿ ಅಳತೆ ಮಾಡಿದಾಗ ಈ ಪ್ರಮಾಣ ಅರ್ಧಕ್ಕಿಂತ ತುಸುವೇ ಹೆಚ್ಚಿತ್ತು. ನಿಮ್ಮ ಮೊದಲ ವಾರಗಳ ಅಂಕಿ ಇನ್ನೂ ಕೆಳಗಿದ್ದರೂ ಎದೆಗುಂದಬೇಡಿ. ಮುಗಿಯದ ಪ್ರತಿ ಕೆಲಸಕ್ಕೂ ಕಾರಣ ಬರೆದಿಡಿ. ನಾಲ್ಕೈದು ವಾರಗಳ ಕಾರಣಗಳನ್ನು ಒಟ್ಟುಗೂಡಿಸಿ ನೋಡಿದರೆ ಎರಡು ಮೂರು ಕಾರಣಗಳೇ ಮತ್ತೆಮತ್ತೆ ಬಂದಿರುತ್ತವೆ. ಅವುಗಳ ಬೇರಿಗೆ ಇಳಿದು ಸರಿಪಡಿಸಿದ ಕೂಡಲೇ ಅಂಕಿ ಮೇಲೇರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹಲವು ಸಂಸ್ಥೆಗಳಲ್ಲಿ ಲೀನ್ ಸೋತದ್ದನ್ನು ನಾನು ಇದೇ ಕಾರಣಕ್ಕೆ ಕಂಡಿದ್ದೇನೆ. ಈ ಶೇಕಡಾವಾರು ಅಂಕಿಯನ್ನು ಆಡಳಿತ ವರ್ಗ ಉಪಗುತ್ತಿಗೆದಾರರಿಗೆ ದಂಡ ಹಾಕಲು ಅಥವಾ ಎಂಜಿನಿಯರುಗಳನ್ನು ಹೋಲಿಸಲು ಬಳಸತೊಡಗಿದರೆ, ಒಂದೇ ತಿಂಗಳಲ್ಲಿ ಅದು ಶೇ 95 ಮುಟ್ಟುತ್ತದೆ, ಮತ್ತು ಕಾಮಗಾರಿ ಇದ್ದಲ್ಲೇ ಇರುತ್ತದೆ. ಎಲ್ಲರೂ ಸುಲಭವಾದದ್ದನ್ನು ಮಾತ್ರ, ಅದೂ ಕಡಿಮೆ ಪ್ರಮಾಣದಲ್ಲಿ ಒಪ್ಪಿಕೊಳ್ಳುತ್ತಾರೆ, ಕಾರಣಗಳ ಕಾಲಂನಲ್ಲಿ ‘ಮಳೆ’ ಎಂದು ಬರೆಯುತ್ತಾರೆ. ಯೋಜನೆ ಎಷ್ಟು ನಂಬಲರ್ಹ ಎಂಬುದನ್ನು ಅಳೆಯುವ ಅಂಕಿಯಿದು, ಮನುಷ್ಯರ ಶ್ರಮವನ್ನು ಅಳೆಯುವುದಕ್ಕಲ್ಲ. ನಿಮ್ಮ ಮೇಲಿನವರಿಂದ ಈ ಭರವಸೆಯನ್ನು ಮೊದಲೇ ಪಡೆದುಕೊಳ್ಳಿ.

ಸಾಲಾಗಿ ಸಾಗುವ ಕೆಲಸಗಳಿಗೆ ಟಾಕ್ಟ್ ಎಂಬ ಇನ್ನೊಂದು ಕ್ರಮವಿದೆ. ಕಟ್ಟಡವನ್ನು ಸಮಾನ ದುಡಿಮೆ ಬೇಡುವ ವಲಯಗಳಾಗಿ ವಿಂಗಡಿಸಿ, ಎಲ್ಲ ತಂಡಗಳೂ ಒಂದೇ ಅವಧಿಗೆ ಒಂದೊಂದು ವಲಯ ಮುಗಿಸಿ ಮುಂದೆ ಸಾಗುವಂತೆ ಹೊಂದಿಸುವುದು ಇದರ ಕ್ರಮ. ಹತ್ತು ಮಹಡಿ, ಆರು ತಂಡ, ಪ್ರತಿ ಮಹಡಿಗೆ ಎರಡು ವಾರ ಎಂದಾದರೆ ಒಟ್ಟು 30 ವಾರ ಬೇಕು. ಪ್ರತಿ ಮಹಡಿಯನ್ನು ಎರಡು ವಲಯ ಮಾಡಿ ವಲಯಕ್ಕೆ ಒಂದು ವಾರ ಕೊಟ್ಟರೆ ಅದೇ ತಂಡಗಳು, ಅದೇ ವೇಗದಲ್ಲಿ 25 ವಾರಗಳಲ್ಲಿ ಮುಗಿಸುತ್ತವೆ. ಹಿಂದಿನ ತಂಡ ಇಡೀ ಮಹಡಿ ಬಿಡುವವರೆಗೆ ಮುಂದಿನ ತಂಡ ಕಾಯುವುದು ತಪ್ಪಿತಲ್ಲ, ಅದರ ಉಳಿತಾಯ ಇದು. ಹಾಗೆಂದು ವಲಯಗಳನ್ನು ಅತಿಚಿಕ್ಕದಾಗಿ ಸೀಳಿದರೆ ಜಾಗ ಬದಲಿಸುವುದರಲ್ಲೇ ಹೊತ್ತು ಹೋಗುತ್ತದೆ, ಒಣಗುವ ಅವಧಿಯಂತೂ ಕುಗ್ಗುವುದೇ ಇಲ್ಲ.

ಸಾಮಗ್ರಿಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ‘ಬೇಕಾದಾಗ ಬೇಕಾದಷ್ಟು’ ಎಂಬ ಟೊಯೋಟಾ ನಿಯಮವನ್ನು ದಾಸ್ತಾನು ಸೊನ್ನೆ ಮಾಡುವುದೆಂದು ಅರ್ಥೈಸಿಕೊಂಡು, ಪೂರೈಕೆ ಖಚಿತವಿಲ್ಲದ ಕಡೆ ಕೆಲಸ ನಿಲ್ಲಿಸಿಕೊಂಡವರಿದ್ದಾರೆ. ದೂರದಿಂದ ಬರುವ, ಅನುಮಾನವಿರುವ ವಸ್ತುಗಳನ್ನು ಮುಂಚೆಯೇ ತರಿಸಿ ಗೋದಾಮಿನಲ್ಲಿಡಿ, ಮಹಡಿಗೆ ಏರಿಸುವುದನ್ನು ಮಾತ್ರ ವಲಯದ ಲೆಕ್ಕದಲ್ಲಿ ಮಾಡಿ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ನಿರ್ಮಾಣ 1930ರ ಮಾರ್ಚಿನಲ್ಲಿ ಆರಂಭವಾಗಿ 1931ರ ಮೇ 1ರಂದು ಅದು ಉದ್ಘಾಟನೆಯಾಯಿತು. 102 ಮಹಡಿಗಳ ಆ ಕಟ್ಟಡದಲ್ಲಿ ಸಾಮಗ್ರಿ ಒಯ್ಯಲು ಮಹಡಿಗಳ ಮೇಲೆ ಪುಟ್ಟ ಹಳಿಗಳನ್ನು ಹಾಸಿ ಗಾಡಿಗಳನ್ನು ಓಡಿಸಿದ್ದರು. ಲೀನ್ ಎಂಬ ಹೆಸರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ, ಕುಶಲಕರ್ಮಿ ತನ್ನ ಜಾಗ ಬಿಟ್ಟು ಸಾಮಗ್ರಿ ಹುಡುಕಿಕೊಂಡು ಅಲೆಯಬಾರದೆಂಬ ಕಾಳಜಿ ಅವರಿಗಿತ್ತು.

ಹಣ ಪಾವತಿಯ ರೀತಿಯನ್ನೂ ನೋಡಿ. ಚದರಡಿಯ ಲೆಕ್ಕದಲ್ಲಿ ಬಿಲ್ಲು ಮಾಡಿದರೆ ಪ್ಲಾಸ್ಟರಿಂಗ್ ತಂಡ ಎಲ್ಲ ಮಹಡಿಗಳ ದೊಡ್ಡ ಗೋಡೆಗಳನ್ನು ಬೇಗ ಮುಗಿಸಿ, ಕಿಟಕಿಯ ಅಂಚು, ನಾಳದ ಸಂದು, ಮೂಲೆಗಳನ್ನು ಬಿಟ್ಟು ಹೋಗುತ್ತದೆ. ಅವರ ಕೂಲಿಗೆ ಅದೇ ಲಾಭ, ಅವರನ್ನು ದೂರಿ ಪ್ರಯೋಜನವಿಲ್ಲ. ಪೂರ್ಣಗೊಂಡ ವಲಯವನ್ನು ಮುಂದಿನ ತಂಡ ಸ್ವೀಕರಿಸಿ ಸಹಿ ಹಾಕಿದ ಮೇಲೆ ಬಿಲ್ಲು, ಮತ್ತು ಆ ಬಿಲ್ಲಿಗೆ ತಡವಿಲ್ಲದ ಪಾವತಿ ಎಂಬ ವ್ಯವಸ್ಥೆಯಾದರೆ ಅರ್ಧಂಬರ್ಧ ಕೆಲಸಗಳು ತಾವಾಗಿ ಕಡಿಮೆಯಾಗುತ್ತವೆ. ಪಾವತಿ ತಡ ಮಾಡುವ ಸಂಸ್ಥೆಗೆ ಉಪಗುತ್ತಿಗೆದಾರ ತನ್ನ ಒಳ್ಳೆಯ ಕೆಲಸಗಾರರನ್ನು ಕಳುಹಿಸುವುದಿಲ್ಲ, ಆ ನಷ್ಟ ಯಾವ ವೇಳಾಪಟ್ಟಿಯಲ್ಲೂ ಕಾಣಿಸದು.

ಜಾಗದ ವ್ಯಾಜ್ಯ, ಮಾಲೀಕರ ಹಣದ ಕೊರತೆ, ಕೊನೆಗಳಿಗೆಯ ವಿನ್ಯಾಸ ಬದಲಾವಣೆ, ಇವುಗಳನ್ನು ಲೀನ್ ಪರಿಹರಿಸುವುದಿಲ್ಲ. ಅವು ಬರಲಿವೆ ಎಂಬುದನ್ನು ಆರು ವಾರ ಮೊದಲು ಕಾಣಿಸುವುದಷ್ಟೇ ಅದರಿಂದ ಸಾಧ್ಯ. ಮಳೆಯಂತಹವುಗಳಿಗೆ ಬಿಡುವಿನ ದಿನಗಳನ್ನು ಇಡಿ, ಆದರೆ ಪ್ರತಿ ಕೆಲಸದೊಳಗೂ ಗುಟ್ಟಾಗಿ ಎರಡೆರಡು ದಿನ ಸೇರಿಸುವ ಬದಲು ಒಂದು ಹಂತದ ಕೊನೆಯಲ್ಲಿ ಎಲ್ಲರಿಗೂ ಕಾಣುವಂತೆ ಒಟ್ಟಾಗಿ ಇಡಿ. ಒಳಗೆ ಅಡಗಿಸಿಟ್ಟ ದಿನಗಳು ಯಾರಿಗೂ ತಿಳಿಯದಂತೆ ಖರ್ಚಾಗಿಬಿಡುತ್ತವೆ.

ಈಗ ನಿಮ್ಮ ಸೈಟಿನಲ್ಲಿ ಮಾಡಬೇಕಾದದ್ದು. ನಾಳೆಯಿಂದ ಹೊಸ ಮನೆಗಳಲ್ಲಿ ಕೆಲಸ ತೆರೆಯುವುದನ್ನು ನಿಲ್ಲಿಸಿ. ತೆರೆದಿರುವ ಎಲ್ಲ ಮನೆಗಳನ್ನೂ ಸುತ್ತಿ ಒಂದೊಂದರಲ್ಲಿ ಏನೇನು ಉಳಿದಿದೆ, ಯಾವುದಕ್ಕಾಗಿ ನಿಂತಿದೆ ಎಂಬ ಪಟ್ಟಿಯನ್ನು ಮೇಸ್ತ್ರಿಗಳ ಜೊತೆಗೇ ಮಾಡಿ. ಮುಗಿಯಲು ಅತಿ ಸಮೀಪವಿರುವ ಮನೆಗಳಿಗೆ ಮೊದಲು ತಂಡಗಳನ್ನು ಕೂಡಿಸಿ. ಮಹಡಿ ಮಹಡಿಗೆ ಚದುರಿದವರನ್ನು ಒಂದೆಡೆ ತರುವಾಗ ಕೆಲವು ದಿನ ಕೆಲವು ತಂಡಗಳು ಖಾಲಿ ಕುಳಿತಿರುವುದು ಕಾಣುತ್ತದೆ, ಆಗ ಮೇಲಿನಿಂದ ಬರುವ ಒತ್ತಡವನ್ನು ತಡೆದುಕೊಳ್ಳುವುದು ನಿಮ್ಮ ಪಾಲಿನ ಕಠಿಣ ಕೆಲಸ. ಜೊತೆಗೇ ಒಂದು ಮನೆಯನ್ನು ಮಾದರಿಯಾಗಿ ಕೊನೆಯವರೆಗೂ ಮುಗಿಸಿ, ಹಂತಗಳ ಕ್ರಮ, ಬೇಕಾದ ಅಳತೆ, ತಪಾಸಣೆ ಎಲ್ಲವನ್ನೂ ಅಲ್ಲಿ ನಿಗದಿ ಮಾಡಿಕೊಳ್ಳಿ. ವಾರದ ಸಭೆಯನ್ನು ಎರಡನೆಯ ವಾರದಿಂದಲೇ ಆರಂಭಿಸಿ, ತಂತ್ರಾಂಶ ಕೊಳ್ಳುವವರೆಗೆ ಕಾಯಬೇಡಿ. ಗೋಡೆ, ಚೀಟಿ, ಪೆನ್ನು ಸಾಕು.

ಕೆಲಸಗಾರರನ್ನು ಹೆಚ್ಚಿಸಬೇಕೆಂಬ ಆಡಳಿತ ವರ್ಗದ ಸಲಹೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸಿದ್ಧವಿರುವ ಕೆಲಸವೇ ಕಡಿಮೆಯಿರುವಾಗ ಹೆಚ್ಚು ಜನ ಬಂದರೆ ಕಾಯುವವರ ಸಂಖ್ಯೆ ಹೆಚ್ಚುತ್ತದೆ, ಇಕ್ಕಟ್ಟಿನಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ, ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆ ಬೀಳುತ್ತದೆ. ಆದರೆ ಆರೆಂಟು ವಾರ ಮೇಲಿನಂತೆ ನಡೆಸಿದ ಮೇಲೆ, ಒಂದು ನಿರ್ದಿಷ್ಟ ತಂಡದ ಮುಂದೆ ಮಾತ್ರ ಸಿದ್ಧವಾದ ವಲಯಗಳು ವಾರವಾರವೂ ಸಾಲುಗಟ್ಟಿ ನಿಲ್ಲುತ್ತಿರುವುದು ಕಂಡರೆ, ಉದಾಹರಣೆಗೆ ಟೈಲ್ಸ್ ತಂಡದ ಮುಂದೆ ಐದಾರು ಮನೆಗಳು ಕಾಯುತ್ತಿದ್ದರೆ, ಕೊರತೆ ಅಲ್ಲಿದೆ ಎಂದರ್ಥ. ಆ ತಂಡಕ್ಕೆ ಮಾತ್ರ ಜನರನ್ನು ಸೇರಿಸಲು ಕೇಳಿ, ಆ ವಾರಗಳ ದಾಖಲೆಯನ್ನು ಮುಂದಿಟ್ಟು ಕೇಳಿ. ಮಿಕ್ಕ ತಂಡಗಳನ್ನು ಇದ್ದಷ್ಟೇ ಇರಿಸಿ.